ಕಡಿಮೆ ಬೆಲೆಯ ಒಳ್ಳೆಯ ಫುಟ್‌ಬಾಲ್ ಆಟಗಾರನನ್ನು ಅಂಕಿಅಂಶಗಳಲ್ಲಿ ಹುಡುಕುವುದು ಹೇಗೆ? ಅನುಭವಗಳು

ಕೇಳಿದ್ದು: ಯುರೋಪಿನ ಕೆಳಹಂತದ ಲೀಗ್‌ಗಳ ಅಂಕಿಅಂಶಗಳನ್ನು ಹವ್ಯಾಸಕ್ಕಾಗಿ ಕಲೆಹಾಕುತ್ತಿದ್ದೇನೆ. ಸಾಮರ್ಥ್ಯಕ್ಕಿಂತ ಕಡಿಮೆ ಬೆಲೆಗೆ ಸಿಗುವ ಆಟಗಾರರನ್ನು ಗುರುತಿಸಲು ಯಾವ ಅಂಕಿಯನ್ನು ನಂಬಬೇಕು? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಾನು ಆರಂಭದಲ್ಲಿ ಗೋಲುಗಳನ್ನೇ ನಂಬಿ ಎಡವಿದೆ. ಒಬ್ಬ ಯುವ ಫಾರ್ವರ್ಡ್ ಸುಮಾರು 500 ನಿಮಿಷಗಳ ಆಟದಲ್ಲಿ ಏಳು ಗೋಲು ಹೊಡೆದಿದ್ದನೆಂದು ಅವನನ್ನು ಪಟ್ಟಿಯ ಮೊದಲಿಗಿಟ್ಟಿದ್ದೆ. ಆ ಏಳರಲ್ಲಿ ಮೂರು ಪೆನಾಲ್ಟಿಗಳೆಂಬುದನ್ನಾಗಲಿ, ಎರಡು ಬಹಳ ದೂರದಿಂದ ಹೊಡೆದವೆಂಬುದನ್ನಾಗಲಿ ಗಮನಿಸಿರಲಿಲ್ಲ. ಮುಂದಿನ ಋತುವಿನಲ್ಲಿ ಅವನ ಗೋಲುಗಳು ಬತ್ತಿಹೋದವು. ಅಂದಿನಿಂದ ಪೆನಾಲ್ಟಿಗಳನ್ನು ಕಳೆದು, ಕನಿಷ್ಠ 900 ನಿಮಿಷ ಆಡಿದವರನ್ನು ಮಾತ್ರ ಇಟ್ಟುಕೊಂಡು, 90 ನಿಮಿಷಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತೇನೆ. ಗೋಲಿಗಿಂತ ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲಿನ ಸಂಖ್ಯೆಯನ್ನು ಹೆಚ್ಚು ನೆಚ್ಚುತ್ತೇನೆ. ಹೊಡೆತ ಎಷ್ಟು ದೂರದಿಂದ, ಯಾವ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ ಬಂತೆಂಬುದನ್ನು ನೋಡಿ, ಅದು ಗೋಲಾಗುವ ಸಂಭವ ಎಷ್ಟೆಂದು ಇದು ಹೇಳುತ್ತದೆ. ಪೆನಾಲ್ಟಿಗೆ ಅದು ಸುಮಾರು 0.78. ಒಳ್ಳೆಯ ಜಾಗವನ್ನು ಪದೇ ಪದೇ ತಲುಪಿಯೂ ಅದೃಷ್ಟ ಸಾಲದೆ ಗೋಲು ಕಡಿಮೆಯಾದ ಆಟಗಾರನ ಬೆಲೆಯೇ ಸಾಮಾನ್ಯವಾಗಿ ತಗ್ಗಿರುತ್ತದೆ.

ಉತ್ತರ 2: ರಕ್ಷಣೆಯ ಅಂಕಿಗಳಲ್ಲಿ ಇನ್ನೂ ಎಚ್ಚರ ಬೇಕು. ಚೆಂಡು ಎದುರಾಳಿಯ ಬಳಿಯಿದ್ದಾಗ ಮಾತ್ರ ಟ್ಯಾಕಲ್, ಅಂದರೆ ಅವರ ಕಾಲಿನಿಂದ ಚೆಂಡು ಕಸಿಯುವ ಯತ್ನ, ಸಾಧ್ಯವಾದ್ದರಿಂದ, ಚೆಂಡನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲಾಗದ ತಂಡದವರ ಟ್ಯಾಕಲ್‌ಗಳು ತಾವಾಗಿಯೇ ಏರುತ್ತವೆ. ತಂಡದ ಹಿಡಿತದಲ್ಲಿ ಚೆಂಡು ಎಷ್ಟು ಹೊತ್ತು ಇತ್ತೆಂಬುದಕ್ಕೆ ಸರಿಹೊಂದಿಸಿದ ಮೇಲೆಯೇ ಹೋಲಿಸಬೇಕು. ಮಧ್ಯಮೈದಾನದ ಆಟಗಾರ ಎನ್‌ಗೋಲೊ ಕಾಂಟೆ 2015ರಲ್ಲಿ ಫ್ರಾನ್ಸಿನ ಕಾನ್ ತಂಡದಿಂದ ಇಂಗ್ಲೆಂಡಿನ ಲೆಸ್ಟರ್ ಸಿಟಿಗೆ ಸುಮಾರು 56 ಲಕ್ಷ ಪೌಂಡ್‌ಗೆ ಬಂದಾಗ, ಅವರ ಟ್ಯಾಕಲ್‌ಗಳ ದೊಡ್ಡ ಅಂಕಿಗಳು ಅವರ ಸಾಮರ್ಥ್ಯದವೋ ತಂಡದ ಸ್ಥಿತಿಯವೋ ಎಂದು ಕೇಳುವುದು ನ್ಯಾಯವೇ ಆಗಿತ್ತು. ಲೆಸ್ಟರ್ ಕೂಡ ಚೆಂಡನ್ನು ಎದುರಾಳಿಗೆ ಬಿಟ್ಟು ಆಡುತ್ತಿದ್ದ ತಂಡ. ಆದರೆ ಅಲ್ಲಿ ಇಂಗ್ಲೆಂಡಿನ ಅಗ್ರ ಲೀಗ್ ಗೆದ್ದ ಅವರು ಮರುವರ್ಷ ಬೇರೆಯೇ ಬಗೆಯ ಆಟವಾಡುವ ಚೆಲ್ಸಿಯಲ್ಲೂ ಲೀಗ್ ಗೆದ್ದರು. ತಂಡ ಬದಲಾದರೂ ಉಳಿಯುವ ಗುಣವನ್ನೇ ನಾನು ಹುಡುಕುತ್ತೇನೆ.

ಉತ್ತರ 3: ಮೇಲಿನ ಎರಡಕ್ಕೂ ಸಹಮತವಿದೆ, ನಾನು ಸೇರಿಸಬಯಸುವುದು ಬೆಲೆ ಏಕೆ ಕಡಿಮೆಯಿದೆ ಎಂಬ ಪ್ರಶ್ನೆ. ಮ್ಯಾಥ್ಯೂ ಬೆನ್‌ಹ್ಯಾಮ್ ಒಡೆತನದ ಬ್ರೆಂಟ್‌ಫರ್ಡ್ ಕ್ಲಬ್ 2017ರಲ್ಲಿ ಆಲಿ ವಾಟ್ಕಿನ್ಸ್ ಅವರನ್ನು ತಂದದ್ದು ಇಂಗ್ಲೆಂಡಿನ ನಾಲ್ಕನೇ ಹಂತದ ಎಕ್ಸೆಟರ್ ಸಿಟಿಯಿಂದ. ಮೊದಲು ಹೆಚ್ಚಾಗಿ ಅಂಚಿನಲ್ಲಿ ಆಡುತ್ತಿದ್ದ ಅವರನ್ನು ನಡುವಿನ ಫಾರ್ವರ್ಡ್ ಆಗಿ ನಿಲ್ಲಿಸಿದ 2019-20ರ ಋತುವಿನಲ್ಲಿ ಇಂಗ್ಲೆಂಡಿನ ಎರಡನೇ ಹಂತವಾದ ಚಾಂಪಿಯನ್‌ಷಿಪ್‌ನಲ್ಲಿ 25 ಗೋಲು ಬಂದವು, ಮತ್ತು ಸುಮಾರು 20 ಲಕ್ಷ ಪೌಂಡ್‌ಗೆ ಬಂದವರು ಸುಮಾರು 2.8 ಕೋಟಿ ಪೌಂಡ್‌ಗೆ ಆ್ಯಸ್ಟನ್ ವಿಲ್ಲಾ ತಂಡ ಸೇರಿದರು. ಲೀಗಿನ ಹಂತವೂ ಆಡುವ ಜಾಗವೂ ಆಟಗಾರನನ್ನು ಮರೆಮಾಡಬಲ್ಲವು. ಆದ್ದರಿಂದ ಪಟ್ಟಿ ಹತ್ತು ಮಂದಿಗೆ ಇಳಿದ ಮೇಲೆ, ಪ್ರತಿಯೊಬ್ಬರ ಐದಾರು ಪಂದ್ಯಗಳನ್ನಾದರೂ ಪೂರ್ತಿಯಾಗಿ ನೋಡಿ, ಚೆಂಡು ಕಾಲಲ್ಲಿ ಇಲ್ಲದಾಗ ಅವರು ಎಲ್ಲಿಗೆ ಓಡುತ್ತಾರೆಂಬುದನ್ನು ಬರೆದಿಟ್ಟುಕೊಳ್ಳಿ.