ಅಪ್‌ಡೇಟ್: ಇಟ್ಟಂಗಿ ಮಡಿಗೆ ಅರ್ಧ ಬ್ರಾಸ್ ಮಣ್ಣೂ ಹತ್ತಲಿಲ್ಲ

ವಿಜಯಪುರದ ನಮ್ಮ ಹಿತ್ತಲದಾಗ ಕಟ್ಟಿದ ಕಾಯಿಪಲ್ಲೆ ಮಡಿಗೆ ಎಷ್ಟು ಮಣ್ಣು ಬೇಕಂತ ಮೊದಲ ಇಲ್ಲಿ ಕೇಳಿದ್ದೆ. ಹೊರಗಿನ ಅಳತಿ 10×4 ಅಡಿ, ಗ್ವಾಡಿ ಎತ್ತರ 18 ಇಂಚು, ಮಣ್ಣು 15 ಇಂಚು ನಿಲ್ಲಬೇಕು. ಈಗ ತುಂಬಿ ಮುಗದೈತಿ.

ಕೆಲಸಕ್ಕ ಬಂದದ್ದು ‘ಒಳಗಿನ ಅಳತಿ ಹಿಡೀರಿ, ಐದನೇ ಒಂದು ಪಾಲು ಹೆಚ್ಚಿಗಿ ತರ್ರಿ’ ಅಂದವರ ಮಾತು. ಗ್ವಾಡಿ ಎರಡೂ ಕಡೆ ನಾಲ್ಕೂವರೆ ಇಂಚು ತಿಂತೈತಿ, ಹಂಗಾಗಿ ಒಳಗ ಉಳಿಯೋದು 9.25×3.25 ಅಡಿ. ಅದನ್ನ 1.25 ಅಡಿ ಆಳದಿಂದ ಗುಣಿಸಿದ್ರ ಸುಮಾರು 37.6 ಘನ ಅಡಿ. ಮಣ್ಣು ನೀರುಂಡು ಕುಸಿಯೋದಕ್ಕಂತ ಐದನೇ ಪಾಲು ಕೂಡಿಸಿದ್ರ 45. ಹೊರಗಿನ ಅಳತಿ ಹಿಡಿದಿದ್ರ ಕುಸಿತ ಕೂಡಿಸೋ ಮೊದಲ 50 ಆಗತಿತ್ತು. ಒಂದು ಬ್ರಾಸ್ ಅಂದ್ರ 100 ಘನ ಅಡಿ, ಹಂಗಾಗಿ ಅರ್ಧ ಬ್ರಾಸೂ ಹತ್ತಲಿಲ್ಲ.

ಮಣ್ಣು ಕಿಲೋ ಲೆಕ್ಕದಾಗ ತರ್ರಿ ಅಂದವರ ಸಲಹೆ ಕೂಡಿಬರಲಿಲ್ಲ. ಹಸಿ ಮಣ್ಣು, ಒಣ ಮಣ್ಣು ತೂಕ ಬ್ಯಾರೆ ಬ್ಯಾರೆ. 15 ಲೀಟರ್ ಬಕೆಟ್ ಎರಡು ಅಂದ್ರ ಒಂದು ಘನ ಅಡಿಗಿಂತ ತುಸು ಹೆಚ್ಚು, ಅಳಿಯಾಕ ಇದ ಸಲೀಸು.

ಮಸಾರಿ (ಕೆಂಪು ಮಣ್ಣು) 23, ಎರಿ ಮಣ್ಣು (ಕಪ್ಪು ಮಣ್ಣು) 11, ಪೂರ್ತಿ ಕಳಿತ ತಿಪ್ಪಿಗೊಬ್ಬರ 11 ಘನ ಅಡಿ ಕಲಸಿ, ಪದರ ಪದರಾಗಿ ನೀರು ಹಾಕುತ್ತ ತುಂಬ್ರಿ, ತುಳಿಬ್ಯಾಡ್ರಿ. ಅಂಚಿನ ತನಕ ತುಂಬಿದ್ದು ನೀರುಂಡು ಹೆಚ್ಚು ಕಡಿಮಿ ಮೂರು ಇಂಚು ಇಳೀತು; ನೀರು ನಿಲ್ಲಾಕ ಅಷ್ಟು ಜಾಗ ಬೇಕ ಬೇಕು. ಬರೇ ಎರಿ ಮಣ್ಣು ಮಾತ್ರ ತುಂಬಬ್ಯಾಡ್ರಿ. ಒಣಗಿದಾಗ ಗ್ವಾಡಿ ಬಿಟ್ಟು ಬಿರಿತೈತಿ, ಹಾಕಿದ ನೀರೆಲ್ಲಾ ಆ ಬಿರುಕಿನಾಗ ಹೋಗಿ ಬೇರಿಗೆ ಮುಟ್ಟಂಗಿಲ್ಲ. ಗೊಬ್ಬರ ಕರಗಿದಂಗ ಮಡಿ ಮತ್ತ ಇಳಿತೈತಿ, ವರ್ಷಕ್ಕೊಮ್ಮೆ ಮ್ಯಾಲ ಒಂದೆರಡು ಇಂಚು ಗೊಬ್ಬರ ಹಾಕಿದ್ರ ಸಾಕು.