ನಾಲ್ಕು ವರ್ಷದ ಹೆಣ್ಣು ಮೊಲಕ್ಕೆ ಗಬ್ಬ ನಿಲ್ಲುತ್ತಿಲ್ಲ: ಏನು ಮಾಡಬಹುದು?

ಪ್ರಶ್ನೆ (ಧಾಯರಿ, ಪುಣೆ)

ಎಲ್ಲರಿಗೂ ನಮಸ್ಕಾರ. ಮನೆಯ ಹಿತ್ತಿಲಲ್ಲಿ ನ್ಯೂಜಿಲೆಂಡ್ ವೈಟ್ ತಳಿಯ ಕೆಲವು ಮೊಲಗಳನ್ನು ಸಾಕಿದ್ದೇನೆ. ಅವುಗಳಲ್ಲಿ ಹಿರಿಯ ಹೆಣ್ಣಿಗೆ ಈಗ ನಾಲ್ಕು ವರ್ಷ ತುಂಬಿದೆ. ಅದರ ಜೋಡಿಯಾದ ಗಂಡು ವಯಸ್ಸಿನಲ್ಲಿ ತುಸು ದೊಡ್ಡದು. ಮೊದಲೆಲ್ಲ ಒಂದು ಸಲಕ್ಕೆ ಏಳೆಂಟು ಮರಿ ಹಾಕುತ್ತಿದ್ದ ಈ ಮೊಲ ಹೋದ ಚಳಿಗಾಲದಲ್ಲಿ ಎರಡೇ ಮರಿ ಹಾಕಿತು, ಅವುಗಳಲ್ಲಿಯೂ ಒಂದು ಸತ್ತೇ ಹುಟ್ಟಿತು. ಆಮೇಲೆ ಗಂಡಿನ ಗೂಡಿಗೆ ಬಿಟ್ಟಾಗಲೆಲ್ಲ ತಕರಾರಿಲ್ಲದೆ ಕೂಡುತ್ತದೆಯಾದರೂ ಗಬ್ಬ ನಿಲ್ಲುತ್ತಿಲ್ಲ. ಕಳೆದ ಬಾರಿ, ಮರಿ ಹಾಕುವ ಸಮಯಕ್ಕೆ ಬಹಳ ಮೊದಲೇ ಎದೆಯ ಕೂದಲು ಕಿತ್ತು ಒಣಹುಲ್ಲಿನೊಡನೆ ಮೂಲೆಯಲ್ಲಿ ಹಾಸಿಕೊಂಡು ಕುಳಿತಿತ್ತು. ಬಳಿಕ ಎಲ್ಲವನ್ನೂ ಕಾಲಿನಿಂದ ಕೆದರಿ ಹಾಕಿತು. ಇದು ಬಿಸಿಲಿನ ಪರಿಣಾಮವೋ, ವಯಸ್ಸಿನದೋ? ಗಬ್ಬ ನಿಲ್ಲಲು ಕೊಡಬಹುದಾದ ಟಾನಿಕ್ ಇದ್ದರೆ ದಯವಿಟ್ಟು ತಿಳಿಸಿ. ಇದರ ಸಂತತಿ ಮುಂದುವರಿಯಲಿ ಎಂಬ ಆಸೆ ಮನೆಯವರೆಲ್ಲರಿಗೂ ಇದೆ.

ಉತ್ತರ (ಡೊಂಬಿವಲಿ)

ತಾವು ವರ್ಣಿಸಿರುವುದು ಸುಳ್ಳು ಗಬ್ಬದ ಲಕ್ಷಣ. ಮೊಲದಲ್ಲಿ ಅಂಡ ಬಿಡುಗಡೆಯಾಗುವುದು ಕೂಡಿದ 10ರಿಂದ 12 ಗಂಟೆಗಳ ನಂತರ. ಗಂಡಿನ ವೀರ್ಯದಲ್ಲಿ ಕಸುವಿಲ್ಲದಿದ್ದರೂ ಕೂಡಿದ ಪ್ರಚೋದನೆಯಿಂದಲೇ ಅದು ಬಿಡುಗಡೆಯಾಗಿ, ಹೆಣ್ಣಿನ ದೇಹ 16–18 ದಿನ ಗಬ್ಬವಿದ್ದಂತೆಯೇ ವರ್ತಿಸುತ್ತದೆ. ನಿಜವಾದ ಗಬ್ಬಕ್ಕಾದರೆ 30–32 ದಿನ ಬೇಕು. ಆದ್ದರಿಂದ ಗಂಡನ್ನೂ ಅನುಮಾನಿಸಲೇಬೇಕು. ಶಾಖ 30 ಡಿಗ್ರಿ ದಾಟಿ ದಿನಗಟ್ಟಲೆ ಹಾಗೆಯೇ ಉಳಿದರೆ, ಕೂಡುವ ಉತ್ಸಾಹ ಕುಂದದಿದ್ದರೂ ವೀರ್ಯ ಕೆಡುತ್ತದೆ, ಮತ್ತು ಅದು ಸರಿಹೋಗಲು ಒಂದೂವರೆಯಿಂದ ಎರಡು ತಿಂಗಳು ಹಿಡಿಯುತ್ತದೆ. ಪುಣೆಯ ಏಪ್ರಿಲ್–ಮೇ ಬಿಸಿಲನ್ನು ಕಂಡ ಗಂಡಿಗಾಗಿ, ಜೂನ್‌ನಲ್ಲಿ ಮಳೆ ಹಿಡಿದ ಮೇಲೂ ಆಗಸ್ಟ್‌ವರೆಗೆ ಕಾಯಬೇಕಾದೀತು.

ಈಗಾಗಲೇ ಮರಿ ಹಾಕಿರುವ ಎಳೆಯ ಹೆಣ್ಣೊಂದನ್ನು ಆ ಗಂಡಿನ ಗೂಡಿಗೆ ಬಿಟ್ಟು ನೋಡಿದರೆ ವಿಷಯ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ಅದಕ್ಕೆ ಮೊದಲು ಗಂಡನ್ನು ಮಗುಚಿ ಹಿಡಿದು, ವೃಷಣಗಳೆರಡೂ ಸಮನಾಗಿ ತುಂಬಿಕೊಂಡಿವೆಯೇ, ಜನನಾಂಗದ ಸುತ್ತ ಅಥವಾ ಮೂಗಿನ ಮೇಲೆ ಹಕ್ಕಳೆಗಳಿವೆಯೇ ಎಂದು ನೋಡಿ. ಹಕ್ಕಳೆಯಿದ್ದರೆ ಕೂಡಿಸಲೇಬೇಡಿ, ಮೊಲಗಳ ಸಿಫಿಲಿಸ್ ಹೆಚ್ಚಾಗಿ ಕೂಡುವುದರಿಂದ ಹರಡುತ್ತದೆ.

ಉತ್ತರ (ಫೋಂಡಾ, ಗೋವಾ)

ಮೊಲದ ಬೆನ್ನೆಲುಬು ಬೆರಳಿಗೆ ಸಿಗುತ್ತದೆಯೇ ಎಂಬುದನ್ನು ನೋಡಿ. ಸಿಗದಷ್ಟು ಕೊಬ್ಬಿದ್ದರೆ ಗಬ್ಬ ನಿಲ್ಲುವುದು ಕಷ್ಟ. ಪೆಲೆಟ್ ಕಡಿಮೆ ಮಾಡಿ ಒಣಹುಲ್ಲನ್ನು ಹೊಟ್ಟೆ ತುಂಬ ಕೊಡಬೇಕು. ಶೇಂಗಾ ಹಿಂಡಿ ಕೊಡುತ್ತಿದ್ದರೆ ಅದರ ವಾಸನೆಯನ್ನು ಪರೀಕ್ಷಿಸಿ. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಹಿಂಡಿ ಬೇಗ ಬೂಸಲು ಹಿಡಿಯುತ್ತದೆ, ಮತ್ತು ಆ ಬೂಸಲಿನ ವಿಷ ಮೊಲದ ಯಕೃತ್ತನ್ನು ಹಾಳುಮಾಡುತ್ತದೆ.

ಉತ್ತರ (ಪಶುವೈದ್ಯೆ, ಠಾಣೆ)

ಇಬ್ಬರ ಸಲಹೆಯೂ ಸರಿಯಾಗಿದೆ. ಆದರೆ ಮರಿಗಳ ಸಂಖ್ಯೆ ಏಳೆಂಟರಿಂದ ಎರಡಕ್ಕೆ ಇಳಿದದ್ದೂ ಅದರಲ್ಲೊಂದು ಸತ್ತು ಹುಟ್ಟಿದ್ದೂ ಚಳಿಗಾಲದಲ್ಲಿ. ಆಗ ಬಿಸಿಲಿನ ಕಾರಣ ಇರಲಿಲ್ಲ. ಆದ್ದರಿಂದ ಗರ್ಭಕೋಶವನ್ನು ಪರೀಕ್ಷಿಸದೆ ಈ ಮೊಲವನ್ನು ಮತ್ತೆ ಕೂಡಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮೂರು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಕೆಲವು ತಳಿಗಳಲ್ಲಿ ನಾಲ್ಕು ವರ್ಷ ದಾಟಿದವುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಿಗೆ ಅದು ಬರುತ್ತದೆ. ಎಷ್ಟು ಸಲ ಮರಿ ಹಾಕಿದ್ದರೂ ಅದರಿಂದ ರಕ್ಷಣೆ ಸಿಗುವುದಿಲ್ಲ. ಮರಿ ಕಡಿಮೆಯಾಗುವುದು, ಸತ್ತು ಹುಟ್ಟುವುದು, ಭ್ರೂಣ ಒಳಗೇ ಕರಗಿಹೋಗುವುದು ಇದರ ಮೊದಮೊದಲ ಸೂಚನೆಗಳು; ರಕ್ತ ಕಾಣಿಸುವುದು ಸಾಮಾನ್ಯವಾಗಿ ಆಮೇಲೆ. ಟಾನಿಕ್ ಆಗಲಿ ಹಾರ್ಮೋನ್ ಚುಚ್ಚುಮದ್ದಾಗಲಿ ಇಲ್ಲಿ ಉಪಯೋಗಕ್ಕೆ ಬಾರದು.

ಪ್ರಶ್ನೆ ಕೇಳಿದವರು (ಧಾಯರಿ)

ಡಾಕ್ಟರೇ, ತಮ್ಮ ಮಾತು ಓದಿದ ಮೇಲೆ ಗೂಡಿನ ಕೆಳಗೆ ಹಾಸಿದ ಪತ್ರಿಕೆಗಳನ್ನು ಗಮನಿಸಿದೆ. ಕೆಲವು ಕಡೆ ಮೂತ್ರ ಕಿತ್ತಳೆಗೆಂಪಾಗಿದೆ. ಬೀಟ್‌ರೂಟ್ ಎಲೆ ಹಾಕಿದ್ದರಿಂದ ಹೀಗಾಗಿರಬಹುದೇ? ಸದ್ಯಕ್ಕೆ ಆಂಟಿಬಯಾಟಿಕ್ ಕೊಡಬಹುದೇ?

ಉತ್ತರ (ಪಶುವೈದ್ಯೆ, ಠಾಣೆ)

ಆಗಿರಬಹುದು. ಸೊಪ್ಪಿನ ಬಣ್ಣದಿಂದ ಆರೋಗ್ಯವಂತ ಮೊಲದ ಮೂತ್ರವೂ ಕೆಂಪಾಗುತ್ತದೆ. ಆಗ ಮೂತ್ರವೆಲ್ಲ ಒಂದೇ ಬಣ್ಣವಾಗಿರುತ್ತದೆ. ಗರ್ಭಕೋಶದ ರಕ್ತವಾದರೆ ಹೆಚ್ಚಾಗಿ ಮೂತ್ರದ ಕೊನೆಯಲ್ಲಿ ಗೆರೆಯಾಗಿ ಅಥವಾ ಹೆಪ್ಪಾಗಿ ಬೀಳುತ್ತದೆ. ಮೂತ್ರ ಪರೀಕ್ಷೆಯ ಪಟ್ಟಿ ಅದ್ದಿದರೆ ನಿಮಿಷಗಳಲ್ಲಿ ತಿಳಿಯುತ್ತದೆ. ಆಂಟಿಬಯಾಟಿಕ್ ಅನ್ನು ತಾವಾಗಿಯೇ ಖಂಡಿತ ಕೊಡಬೇಡಿ. ಅಮಾಕ್ಸಿಸಿಲಿನ್ ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ನಾಶವಾಗಿ ಪ್ರಾಣವೇ ಹೋಗಬಹುದು.

ಮೊಲಗಳ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯರಲ್ಲಿ ಹೊಟ್ಟೆಯ ಸೋನೋಗ್ರಫಿ ಮಾಡಿಸಿ. ಗಡ್ಡೆ ಕಂಡರೆ ಎದೆಯ ಎಕ್ಸ್‌ರೇಯೂ ಬೇಕು, ಏಕೆಂದರೆ ಈ ರೋಗ ಶ್ವಾಸಕೋಶಕ್ಕೆ ಹರಡುತ್ತದೆ. ಹರಡುವ ಮೊದಲೇ ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆದರೆ ಮೊಲ ಇನ್ನೂ ವರ್ಷಗಳ ಕಾಲ ಚೆನ್ನಾಗಿ ಬದುಕಬಲ್ಲದು. ಶಸ್ತ್ರಚಿಕಿತ್ಸೆಗೆ ಮೊದಲು ಉಪವಾಸ ಹಾಕಬೇಡಿ. ಮೊಲ ವಾಂತಿ ಮಾಡುವುದಿಲ್ಲ, ಆದರೆ ಖಾಲಿ ಹೊಟ್ಟೆಯಲ್ಲಿ ಅದರ ಕರುಳು ನಿಂತುಹೋಗುವ ಅಪಾಯವಿದೆ. ಆಸ್ಪತ್ರೆಗೆ ಒಯ್ಯುವಾಗ ಬಿಸಿಲು ಏರುವ ಮೊದಲೇ ಹೊರಡಿ.

ಸಂತತಿಯ ವಿಷಯಕ್ಕೆ ಬಂದರೆ, ಬದುಕುಳಿದ ಆ ಮರಿ ಹೆಣ್ಣಾಗಿದ್ದರೆ ಅಥವಾ ಹಿಂದಿನ ಸಲಗಳ ಎಳೆಯ ಹೆಣ್ಣುಗಳು ನಿಮ್ಮಲ್ಲಿದ್ದರೆ, ಅವುಗಳಿಂದ ಮುಂದುವರಿಸಿ. ಸೆಪ್ಟೆಂಬರ್ ಹೊತ್ತಿಗೆ, ತಂದೆಯಲ್ಲದ ಬೇರೆ ಗಂಡಿನೊಡನೆ ಕೂಡಿಸಬಹುದು.