ಅಪ್‌ಡೇಟ್: ಅಮ್ಮನ ಸ್ಮರಣೆ ಕೂಟದಲ್ಲಿ ಕೊನೆಗೆ ಓದಿದ್ದು

ಅಮ್ಮನ ಸ್ಮರಣೆ ಕೂಟದಲ್ಲಿ ಐದು ನಿಮಿಷ ಏನು ಮಾತಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ನಿನ್ನೆ ಮುಗಿಯಿತು.

ಬೈಬಲಿನ ಜ್ಞಾನೋಕ್ತಿ 31 ಓದಿ, ಒಳ್ಳೆಯ ಗೃಹಿಣಿಯನ್ನು ಹೊಗಳುವ ಭಾಗ ಅದು, ಅಂತ ಜಾಸ್ತಿ ಜನ ಹೇಳಿದ್ದಿರಿ. ಓದಿ ನೋಡಿದೆ. 10ರಿಂದ 31ರವರೆಗೆ 22 ವಚನ, ಹೀಬ್ರೂವಿನ ಒಂದೊಂದು ಅಕ್ಷರಕ್ಕೆ ಒಂದೊಂದು. ಚೆನ್ನಾಗಿದೆ. ಆದರೆ ಆ ಹೆಂಗಸು ಕತ್ತಲಿರುವಾಗಲೇ ಏಳುತ್ತಾಳೆ, ರಾತ್ರಿ ದೀಪವನ್ನೂ ಆರಿಸುವುದಿಲ್ಲ. ಅಮ್ಮನಾಗಿದ್ದರೆ 'ಇವಳು ನಿದ್ದೆನೇ ಮಾಡಲ್ವಾ?' ಅಂತಿದ್ದಳು.

ಅದರ ಬದಲು ಅವಳ ಬೈಬಲನ್ನೇ ತೆಗೆದುಕೊಂಡು ಹೋದೆ. ಬೆನ್ನು ಕಿತ್ತುಹೋಗಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಳು. ದೇವರು ಕಾಯುತ್ತಾನೆ ಅನ್ನುವ ಕೀರ್ತನೆ 121ರ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣ ಸಣ್ಣ ತಾರೀಖುಗಳು. ನಾನು ಮನೆ ಬಿಟ್ಟು ಹೊರಟ ದಿನ. ಅಣ್ಣನ ಆಪರೇಷನ್. ಅಪ್ಪ ತೀರಿಕೊಂಡ ದಿನ. ಒಂದು ತಾರೀಖು ಮಾತ್ರ ಯಾತಕ್ಕೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಎಂಟು ವಚನ ಓದಿದೆ, ತಾರೀಖುಗಳನ್ನೂ ಓದಿದೆ. ಕೊನೆಯ ವಚನದಲ್ಲಿ, ಹೋಗುವಾಗಲೂ ಬರುವಾಗಲೂ ಅನ್ನುವಲ್ಲಿ, ಗಂಟಲು ಕಟ್ಟಿತು. ಅಣ್ಣ ಮುಗಿಸಿದ.

ಪ್ರಾರ್ಥನೆ ನಡುವೆ ಒಂದು ಕಣ್ಣು ತೆರೆದು ನಾವು ಕಣ್ಣು ಮುಚ್ಚಿದ್ದೇವಾ ಅಂತ ಅಮ್ಮ ನೋಡುತ್ತಿದ್ದದ್ದನ್ನೂ ಹೇಳಿದೆ. ಪಾಸ್ಟರ್ ಕೂಡ ನಕ್ಕರು.

ಬೈಬಲ್ ಈಗ ತಂಗಿ ಹತ್ತಿರ ಇದೆ. ಹೊಸ ರಟ್ಟು ಹಾಕಿಸುತ್ತೇನೆ ಅಂದಳು, ಸುಮ್ನೆ ಇರು ಅಂದೆ.